ವಾಲ್ಟರನ ಡಬಲ್ ಡೆಕ್ಕರ್

ಇಂಥ ಕಥೆಗಳನ್ನು ನಾನು ನಂಬುತ್ತಿರಲಿಲ್ಲ. ಊಟವಾದ ಮೇಲೆ ಗೆಳೆಯರು ಕೂತು ದೆವ್ವ, ಶಕುನ, ಸತ್ತ ಅಜ್ಜಿ ಕನಸಿನಲ್ಲಿ ಬಂದು ಎಚ್ಚರಿಸಿದ್ದು ಎಂದೆಲ್ಲ ಶುರುಮಾಡಿದರೆ, ತಟ್ಟೆ ತೊಳೆಯುವ ನೆಪ ಹೇಳಿ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಆಗ ನಾನು ಸಾಂಟಾ ಕ್ಲಾರಾದ ಒಂದು ಚಿಪ್ ಕಂಪನಿಯಲ್ಲಿದ್ದೆ. ಕೆಟ್ಟ ಸರ್ಕ್ಯೂಟು ಏಕೆ ಕೆಟ್ಟಿತೆಂದು ಹುಡುಕುವುದು ನನ್ನ ಕೆಲಸ. ಕಾರಣವಿಲ್ಲದ ದೋಷ ಎಂಬುದಿಲ್ಲ, ಹುಡುಕುವವನ ತಾಳ್ಮೆ ಸಾಲದೆ ಹೋಗಿರುತ್ತದೆ ಅಷ್ಟೇ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು ನಾನು. ಆದ್ದರಿಂದ ಈಗ ಬರೆಯಹೊರಟಿರುವುದನ್ನು ನೀವು ನಂಬಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮೊದಲು ಬಸ್ಸಿನ ಹುಚ್ಚಿನ ವಿಷಯ ಹೇಳಬೇಕು. ನಾನು ಬೆಳೆದದ್ದು ಮುಂಬಯಿಯ ಮಾಟುಂಗದಲ್ಲಿ. ಅಪ್ಪ ಧಾರವಾಡದಿಂದ ಬಂದು ಒಂದು ಬಟ್ಟೆ ಗಿರಣಿಯ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಎರಡು ಕೋಣೆಯ ಮನೆ, ಆರು ಜನ. ಭಾನುವಾರ ಅಪ್ಪ ನನ್ನನ್ನು ಕರೆದುಕೊಂಡು ಡಬಲ್ ಡೆಕ್ಕರ್ ಹತ್ತುತ್ತಿದ್ದರು. ಎಲ್ಲಿಗೂ ಹೋಗುವುದಕ್ಕಲ್ಲ, ಕೊನೆಯ ಸ್ಟಾಪಿನ ತನಕ ಹೋಗಿ ಅದೇ ಬಸ್ಸಿನಲ್ಲಿ ತಿರುಗಿ ಬರುವುದಕ್ಕೆ. ಇಂಗ್ಲೆಂಡಿನಿಂದ ಬಂದ ಹಳೆಯ ಕೆಂಪು ಬಸ್ಸುಗಳು ಅವು. ಡ್ರೈವರನಿಗೆ ಮುಂದೆ ಬಲಗಡೆ ಬೇರೆಯೇ ಒಂದು ಗೂಡು, ಪಕ್ಕದಲ್ಲಿ ಮೂತಿ ಚಾಚಿದ ಎಂಜಿನ್ನು. ಹಿಂಭಾಗದಲ್ಲಿ ಬಾಗಿಲೇ ಇಲ್ಲದ ಮೆಟ್ಟಿಲು. ಡ್ರೈವರನಿಗೂ ಪ್ರಯಾಣಿಕರಿಗೂ ಮಾತಿಲ್ಲ, ನೋಟವಿಲ್ಲ. ಅವನಿಗೆ ಗೊತ್ತಾಗುವುದೆಲ್ಲ ಗಂಟೆಯಿಂದ. ಕಂಡಕ್ಟರು ಹಗ್ಗ ಎಳೆದು ಒಂದು ಸಲ ಬಾರಿಸಿದರೆ ನಿಲ್ಲಿಸು, ಎರಡು ಸಲ ಬಾರಿಸಿದರೆ ಹೊರಡು. ದೊಡ್ಡವನಾದ ಮೇಲೆ ಆ ಗೂಡಿನಲ್ಲಿ ಕೂರಬೇಕೆಂಬುದು ನನ್ನ ಆಸೆಯಾಗಿತ್ತು. ಅಪ್ಪನಿಗೆ ಹೇಳಿದಾಗ ಅವರು ನಗಲಿಲ್ಲ. "ಕೂಡುವಿಯಂತ, ಅದಕ್ಕೇನು," ಎಂದಿದ್ದರು.

ಎಂಬತ್ತರ ದಶಕದ ನಡುವೆ ಒಂದು ದಿನ, ಸ್ಯಾನ್ ರಮೋನಿನ ಗೆಳೆಯನ ಮನೆಗೆ ಹೋಗುತ್ತಿದ್ದಾಗ, ಫ್ರೀವೇಯಿಂದ ಅಂಥದೇ ಬಸ್ಸಿನ ನೆತ್ತಿ ಕಂಡಿತು. ಆಗ ಅಲ್ಲಿ ಇನ್ನೂ ಅಕ್ರೋಟಿನ ತೋಟಗಳು ಉಳಿದಿದ್ದವು. ಮರಗಳ ಮೇಲೆ ಎದ್ದ ಒಂದು ಕೆಂಪು ಚೌಕ. ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು ಹುಡುಕಿಕೊಂಡು ಹೋದೆ. ಬಸ್ಸಿನ ಒಡೆಯ ವಾಲ್ಟರ್ ಎಂಬ ಎಪ್ಪತ್ತು ದಾಟಿದ ಮನುಷ್ಯ. ಜೀವನವಿಡೀ ಲಾರಿ ಓಡಿಸಿದವನು. ಬಸ್ಸನ್ನು ದೂರದ ಹರಾಜಿನಲ್ಲಿ ಕೊಂಡು ತಂದು ರಿಪೇರಿ ಮಾಡುತ್ತಿದ್ದ. ನಾನು ಮುಂಬಯಿಯ ಬಸ್ಸುಗಳ ಕಥೆ ಹೇಳಿದೆ. ಅವನಿಗೆ ಖುಷಿಯಾಯಿತು. ಡಿಸೆಂಬರ್ ಹೊತ್ತಿಗೆ ಎಂಜಿನ್ನು ಓಡುತ್ತದೆ, ಆಗ ಬಾ ಎಂದ.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಅವನ ಫೋನು ಬಂತು. ನನ್ನ ಹೆಂಡತಿ ಉಷಾಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಡ್ಯೂಟಿ ಇತ್ತು. ಆರು ವರ್ಷದ ಮಗಳು ಸ್ಮಿತಾಳನ್ನು ಕರೆದುಕೊಂಡು ಹೊರಟೆ. ಕಣಿವೆಯಲ್ಲಿ ಮಂಜು ಇಳಿದಿತ್ತು. ಮುಂದಿನ ಕಾರಿನ ಕೆಂಪು ದೀಪ ಬಿಟ್ಟು ಬೇರೇನೂ ಕಾಣದು. ತಿರುಗಿ ಹೋಗಿಬಿಡೋಣವೇ ಎಂದು ಎರಡು ಸಲ ಅನಿಸಿದ್ದು ನಿಜ. ಅದನ್ನು ಶಕುನವೆಂದು ನಾನು ಹೇಳುವುದಿಲ್ಲ. ಅಂಥ ಮಂಜಿನಲ್ಲಿ ಯಾರಿಗಾದರೂ ಹಾಗೆ ಅನಿಸುತ್ತದೆ.

ಬಸ್ಸು ಒಂದು ತಗಡಿನ ಶೆಡ್ಡಿನೊಳಗೆ ಮೂತಿ ಒಳಗೆ ಮಾಡಿ ನಿಂತಿತ್ತು. ಹಿಂಭಾಗ ಮಾತ್ರ ಹೊರಗೆ, ಮಂಜಿನಲ್ಲಿ. ವಾಲ್ಟರ್ ಸ್ಮಿತಾಳಿಗೆ ಒಂದು ಬೊಗಸೆ ಅಕ್ರೋಟು ಕೊಟ್ಟ. ಅವಳು ಸ್ವೆಟರಿನ ಮುಂಭಾಗವನ್ನೇ ಜೋಳಿಗೆ ಮಾಡಿ ತುಂಬಿಕೊಂಡಳು. ನಾವು ಮಹಡಿ ಹತ್ತಿ ಮುಂದಿನ ಸೀಟಿನಲ್ಲಿ ಕೂತೆವು. ಕಿಟಕಿಯ ಆಚೆ ಶೆಡ್ಡಿನ ತಗಡು ಬಿಟ್ಟರೆ ಏನೂ ಇಲ್ಲ. ಆದರೂ ಸೀಟಿನ ಹಳೇ ಚರ್ಮದ ವಾಸನೆ, ಕೈಗೆ ತಣ್ಣಗೆ ತಾಗುವ ಕಂಬಿ, ಎಲ್ಲ ಅಪ್ಪನ ಜೊತೆ ಹತ್ತುತ್ತಿದ್ದ ಬಸ್ಸಿನವೇ. ಮಗಳಿಗೆ ಇವೇನೂ ಮುಖ್ಯವಲ್ಲ. "ಅಪ್ಪಾ, ಇಟ್ಸ್ ಜಸ್ಟ್ ಎ ಬಸ್," ಎಂದಳು.

ಕೆಳಗೆ ಬಂದಾಗ ವಾಲ್ಟರ್ ಎಂಜಿನ್ನು ಶುರುಮಾಡಿದ. ಆ ಸದ್ದು! ನೆಲ ನಡುಗಿ ಅಂಗಾಲಿನಿಂದ ಮೇಲೇರುವ ಸದ್ದು. ನನ್ನ ಮುಖ ನೋಡಿ ಅವನಿಗೆ ಏನನಿಸಿತೋ, ಗೂಡಿನಿಂದ ಇಳಿದು, "ನೀನೇ ಹತ್ತು. ಬಸ್ಸನ್ನು ಅಂಗಳಕ್ಕೆ ತೆಗೆಯಬೇಕು. ಇಪ್ಪತ್ತಡಿ ಹಿಂದಕ್ಕೆ, ನಿಧಾನವಾಗಿ. ನಾನು ಪಕ್ಕದಲ್ಲೇ ಇರ್ತೀನಿ," ಎಂದ.

ಈಗ ನಾನು ಮಾಡಿದ ತಪ್ಪನ್ನು ಬರೆಯಬೇಕು. ಸ್ಮಿತಾಳನ್ನು ಕೆಳ ಅಂತಸ್ತಿನ ಸೀಟಿನಲ್ಲಿ ಕೂರಿಸಿ, "ಇಲ್ಲೇ ಕೂಡು. ನಾ ಬರೂತನಕಾ ಏಳಬ್ಯಾಡ," ಎಂದೆ. ಅವಳು ತಲೆಯಾಡಿಸಿದಳು. ಅಷ್ಟಕ್ಕೇ ಓಡಿಹೋಗಿ ಗೂಡು ಹತ್ತಿದೆ. ಬಾಗಿಲಿಲ್ಲದ ಬಸ್ಸು, ಆರು ವರ್ಷದ ಮಗು, ಮಂಜು. ಯಾವುದೂ ನನ್ನ ತಲೆಯಲ್ಲಿರಲಿಲ್ಲ.

ಗೂಡಿನಲ್ಲಿ ಒಬ್ಬನಿಗೆ ಮಾತ್ರ ಜಾಗ. ವಾಲ್ಟರ್ ಹೊರಗೆ ಬಲಬದಿಯಲ್ಲಿ ನಿಂತು, ಕಿಟಕಿಯ ಮೂಲಕ ಗೇರು, ಕ್ಲಚ್ಚು ತೋರಿಸಿಕೊಟ್ಟ. ಅದಕ್ಕೆ ಐದು ನಿಮಿಷವಾದರೂ ಹಿಡಿದಿರಬೇಕು. ಎಡಗಡೆಯ ಕನ್ನಡಿಯಲ್ಲಿ ಬಿಳುಪು ಬಿಟ್ಟು ಏನೂ ಇಲ್ಲ. ಬಲಗಡೆಯದರಲ್ಲಿ ವಾಲ್ಟರನ ಭುಜ. "ಹಿಂದೆ ಏನೂ ಇಲ್ಲ, ಬರೀ ಅಂಗಳ," ಎಂದ ಅವನು. ರಿವರ್ಸ್ ಗೇರು ಕಿರುಗುಟ್ಟಿ ಬಿತ್ತು. ಕ್ಲಚ್ಚು ಬಿಟ್ಟೆ. ಅಷ್ಟು ದೊಡ್ಡ ಬಸ್ಸು ಒಂದು ಸಲ ಜಗ್ಗಿ, ಹಿಂದಕ್ಕೆ ಉರುಳತೊಡಗಿತು.

ಎರಡು ಮಾರು ಹೋಗಿರಬಹುದು. ತಲೆಯ ಮೇಲೆ, ಕೈ ಎತ್ತಿದರೆ ಸಿಗುವಷ್ಟು ಹತ್ತಿರದಲ್ಲಿ, ಗಂಟೆ ಬಾರಿಸಿತು. ಒಂದೇ ಸಲ. "ಟಿಂಗ್."

ನಾನು ಯೋಚಿಸಲಿಲ್ಲ. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಬಸ್ಸು ಜಗ್ಗಿ ನಿಂತಿತು, ಎಂಜಿನ್ನು ಎರಡು ಸಲ ಕೆಮ್ಮಿ ಆಫಾಯಿತು.

"ಯಾಕೆ ನಿಲ್ಲಿಸಿದೆ?" ಎಂದ ವಾಲ್ಟರ್.

"ಗಂಟೆ ಹೊಡೀತಲ್ಲ."

"ಯಾವ ಗಂಟೆ?"

ಅವನ ಮುಖ ನೋಡಿದೆ. ತಮಾಷೆ ಇರಲಿಲ್ಲ. ಎಂಜಿನ್ನಿನ ಸದ್ದು ನಿಂತ ಮೇಲೆ ಎಲ್ಲೆಲ್ಲೂ ಮೌನ, ಮಂಜಿನ ಹನಿ ತಗಡಿನ ಮೇಲೆ ಬೀಳುವುದೂ ಕೇಳುತ್ತಿತ್ತು. ಮಗಳು ಹಗ್ಗ ಎಳೆದಿರಬೇಕು ಎಂದುಕೊಂಡೆ. "ಸ್ಮಿತಾ," ಎಂದು ಕೂಗಿದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಗೂಡಿನಿಂದ ಹಾರಿ ಇಳಿದೆ. ಮೊಣಕಾಲು ಎಲ್ಲಿಗೋ ಬಡಿಯಿತು. ಕಿಟಕಿಯಲ್ಲಿ ಇಣುಕಿದರೆ ಅವಳನ್ನು ಕೂರಿಸಿದ್ದ ಸೀಟು ಖಾಲಿ.

ಬಸ್ಸಿನ ಉದ್ದ ಎಷ್ಟೆಂದು ಅವತ್ತು ನನಗೆ ತಿಳಿಯಿತು. ಶೆಡ್ಡಿನ ಗೋಡೆಗೂ ಬಸ್ಸಿಗೂ ನಡುವಿನ ಸಂದಿಯಲ್ಲಿ ಓಡುತ್ತಿದ್ದೇನೆ, ಕೈ ತಗಡಿನ ಮೇಲೆ ಉಜ್ಜುತ್ತಿದೆ, ಹಿಂಬದಿ ಬರುತ್ತಲೇ ಇಲ್ಲ. ಬಂತು. ಅವಳು ಹಿಂದಿನ ಚಕ್ರದ ನೇರಕ್ಕೆ, ಬಸ್ಸಿಗೆ ಬೆನ್ನು ಮಾಡಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಬಸ್ಸಿನ ಹಿಂಭಾಗಕ್ಕೂ ಅವಳ ಬೆನ್ನಿಗೂ ನಡುವೆ ನನ್ನ ಒಂದು ಗೇಣು. ಮುಂದೆ ಅಕ್ರೋಟುಗಳು ಚೆಲ್ಲಿದ್ದವು. ಮೆಟ್ಟಿಲಿನಿಂದ ಬಿದ್ದು ಅಂಗಳದಲ್ಲಿ ದೂರ ಉರುಳಿಹೋದವನ್ನು ಆರಿಸಲು ಅವಳು ಇಳಿದಿದ್ದಳು.

ಎತ್ತಿಕೊಂಡೆ. ಎಷ್ಟು ಬಿಗಿಯಾಗಿ ಅಂದರೆ ಅವಳು ನೋವೆಂದು ಅತ್ತಳು. ವಾಲ್ಟರ್ ಬಂದು ನೋಡಿದ. ನೋಡಿದವನೇ ನೆಲದ ಮೇಲೆ ಕೂತುಬಿಟ್ಟ.

ಗಂಟೆ ಯಾರು ಬಾರಿಸಿದ್ದೆಂಬ ಪ್ರಶ್ನೆ ಬಂದದ್ದು ಆಮೇಲೆ. ಮಗಳನ್ನು ಎತ್ತಿಕೊಂಡೇ ಬಸ್ಸಿನೊಳಗೆ ಹೋದೆ. ಕೆಳ ಅಂತಸ್ತಿನ ಚಾವಣಿಯಲ್ಲಿ ಹಗ್ಗ ಹಾಯುವ ಬಳೆಗಳು ಸಾಲಾಗಿದ್ದವು. ಹಗ್ಗ ಇರಲಿಲ್ಲ. ವಾಲ್ಟರ್ ನನ್ನ ತೋಳು ಹಿಡಿದು ಡ್ರೈವರನ ಗೂಡಿನ ಬಳಿಗೆ ಕರೆದುಕೊಂಡು ಹೋಗಿ ಮೇಲೆ ಬೆರಳು ತೋರಿಸಿದ. ಚಾವಣಿಯಲ್ಲಿ ನಾಲ್ಕು ಸ್ಕ್ರೂ ತೂತುಗಳು. ಸುತ್ತ, ಬಣ್ಣ ಮಾಸದೆ ಉಳಿದ ಒಂದು ದುಂಡು ಗುರುತು. ಗಂಟೆಯೇ ಇರಲಿಲ್ಲ. ತಾನು ಕೊಳ್ಳುವ ಮೊದಲೇ ಯಾರೋ ಕಿತ್ತುಕೊಂಡು ಹೋಗಿದ್ದರಂತೆ. ಅಂಥದೇ ಒಂದಕ್ಕಾಗಿ ಅವನು ತಿಂಗಳುಗಟ್ಟಲೆ ಕಾಗದ ಬರೆಯುತ್ತಿದ್ದನಂತೆ.

ನನ್ನ ಬಗ್ಗೆ ಸುಳ್ಳು ಹೇಳಲಾರೆ: ನಾನು ಕೈಮುಗಿಯಲಿಲ್ಲ. ಮರುವಾರ ಮೀಟರು, ಟಾರ್ಚು, ಸ್ಕ್ರೂಡ್ರೈವರುಗಳ ಸಮೇತ ಒಬ್ಬನೇ ಅಲ್ಲಿಗೆ ಹೋದೆ. ಗೂಡಿನ ಸುತ್ತಲಿದ್ದ ಪ್ರತಿಯೊಂದು ಪೈಪು, ತಗಡು, ಬೋಲ್ಟನ್ನು ತಟ್ಟಿ ನೋಡಿದೆ. ವಾಲ್ಟರ್ ಬೇಸರಪಡದೆ ಹಿಂದೆ ನಿಂತು ಕೈ ಬೀಸುತ್ತಿದ್ದ. ನಾನು ಬಸ್ಸನ್ನು ಒಳಗೆ ಹೊರಗೆ ಮಾಡುತ್ತಿದ್ದೆ. ಹನ್ನೆರಡು ಸಲವೋ ಹದಿನೈದು ಸಲವೋ. ಗಡಗಡ ಅಂದಿತು, ಕಟಕಟ ಅಂದಿತು. ಆ ಸದ್ದು ಬರಲಿಲ್ಲ. ವಾಲ್ಟರನ ಕಿವಿಯಲ್ಲಿ ಶ್ರವಣ ಯಂತ್ರವಿತ್ತು, ಆದ್ದರಿಂದ ಅವನಿಗೆ ಕೇಳಿಸದೇ ಇದ್ದಿರಬಹುದು. ನನಗೆ ಕೇಳಿಸಿದ್ದು ಬಾಲ್ಯದ ನೆನಪೇ ಇರಬಹುದು. ಆ ಗೂಡು, ಆ ಎಂಜಿನ್ನು, ಮನಸ್ಸು ಹಳೆಯದನ್ನು ಎಬ್ಬಿಸಿತು ಎನ್ನಬಹುದು. ಆದರೆ ಎರಡು ಸಲ ಬಾರಿಸದೆ ಒಂದೇ ಸಲ ಏಕೆ? ಅದೂ ಆ ಕ್ಷಣದಲ್ಲೇ?

ಇನ್ನೊಂದು ತೊಡಕಿದೆ. ಅವತ್ತು ಮನೆಗೆ ಬರುವಾಗ ಕಾರಿನಲ್ಲಿ ಸ್ಮಿತಾ, "ಐ ಹರ್ಡ್ ಇಟ್ ಟೂ, ಅಪ್ಪಾ," ಎಂದಳು. ಏಳಬೇಕೆಂದಿದ್ದಳಂತೆ, ಗಂಟೆ ಕೇಳಿ ಅಲ್ಲಾಡದೆ ಕೂತಳಂತೆ. ಹಿಂದಕ್ಕೆ ಸರಿದಿದ್ದರೆ ಮೈ ಬಸ್ಸಿಗೇ ತಾಗುತ್ತಿತ್ತು. ಇದನ್ನು ನಾನು ಸಾಕ್ಷಿ ಎನ್ನುತ್ತಿದ್ದೆ. ಆದರೆ ಅವಳಾಗಿ ಹೇಳಿದಳೋ, "ನಿನಗೂ ಕೇಳಿತೇನು?" ಎಂದು ನಾನು ಕೇಳಿದ ಮೇಲೆ ಹೇಳಿದಳೋ, ಎಷ್ಟು ನೆನೆದರೂ ಖಚಿತವಾಗುವುದಿಲ್ಲ. ಅವಳಿಗಂತೂ ಈಗ ಆ ದಿನದ ನೆನಪೇ ಇಲ್ಲ.

ವಾಲ್ಟರ್ ವರ್ಷದೊಳಗೆ ಬಸ್ಸು ಮಾರಿದ.

ಉಷಾಳಿಗೆ ಇದನ್ನು ತಿಳಿಸಲು ನನಗೆ ನಾಲ್ಕು ವರ್ಷ ಬೇಕಾಯಿತು. ಗಂಟೆಯ ಅದ್ಭುತವನ್ನು ಮುಂದಿಟ್ಟು, ಉಳಿದದ್ದನ್ನು ಹಿಂದಿಟ್ಟು ಹೇಳಿದೆ. ನಾಲ್ಕು ತೂತು, ದುಂಡು ಗುರುತು, ಇಲ್ಲದ ಹಗ್ಗ ಎಲ್ಲ ವಿವರಿಸಿದೆ. ಅವಳು ಮೈಸೂರಿನವಳು, ದೇವರು ದಿಂಡರೆಂದರೆ ನಂಬಿಕೆಯುಳ್ಳವಳು. ಕೈಮುಗಿಯುತ್ತಾಳೆ, ದೇವರೇ ಕಾಪಾಡಿದ ಅನ್ನುತ್ತಾಳೆ, ಮಾತು ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಅವಳು ಕೈಮುಗಿಯಲಿಲ್ಲ.

"ಗಂಟೆ ಹಾಗಿರ್ಲಿ. ಮಗೂನ ಒಳಗಡೆ ಒಬ್ಳನ್ನೇ ಬಿಟ್ಟು ಹೇಗ್ರೀ ಹೋದ್ರಿ?" ಎಂದು ಕೇಳಿದಳು.

ಆ ಗಂಟೆಗೆ ಕಾರಣ ಹುಡುಕಿ ಹುಡುಕಿ ಸೋತಿದ್ದೇನೆ. ಉಷಾ ಕೇಳಿದ್ದಕ್ಕೆ ಮಾತ್ರ ಕಾರಣ ಹುಡುಕಬೇಕಾಗಿರಲಿಲ್ಲ: ಆ ಗೂಡಿನಲ್ಲಿ ಕೂರುವ ಆಸೆ.