ಭಾನುವಾರ ನಾನು ಬಿಗಿದ ಬ್ರೇಕುಗಳು

ಪ್ರಸಾದ, ನೀನು ರಿಪೇರಿ ಮಾಡಿದ ಲಿಫ್ಟುಗಳನ್ನು ನಿನಗೆ ಗೊತ್ತಾಗದಂತೆ ಮತ್ತೆ ರಿಪೇರಿ ಮಾಡುತ್ತಿದ್ದವನು ನಾನು. ಒಂದೆರಡು ಸಲವಲ್ಲ — ವಿಶಾಖಪಟ್ಟಣದಲ್ಲಿ ನೀನು ನನ್ನ ಕೈಕೆಳಗಿದ್ದಷ್ಟು ವರ್ಷವೂ. ಇಷ್ಟು ಬರೆದರೆ ಎದೆ ಹಗುರಾದೀತು ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಮುಂದೆ ಬರೆಯುತ್ತೇನೆ.

ನಾನು ಒಳ್ಳೆಯ ಮೆಕ್ಯಾನಿಕ್ ಆಗಿದ್ದೆ, ಹೇಳಿಕೊಳ್ಳಲು ಸಂಕೋಚವೇನು? ಹುಬ್ಬಳ್ಳಿಯಿಂದ ಬಂದವನಿಗೆ ತೆಲುಗು ನೆಟ್ಟಗೆ ಬರುವ ಮೊದಲೇ ಈ ಊರಿನ ಲಿಫ್ಟುಗಳ ಸ್ವಭಾವ ತಿಳಿದಿತ್ತು. ಎಂಬತ್ತರ ದಶಕದ ನಡುವೆ ಕಂಪನಿ ನನ್ನನ್ನು ದ್ವಾರಕಾ ನಗರದ ಆಫೀಸಿನಲ್ಲಿ ಸರ್ವಿಸ್ ಮ್ಯಾನೇಜರ್ ಮಾಡಿ ಕೂರಿಸಿತು. ಮೇಜು, ಫೋನು, ತಲೆಯ ಮೇಲೊಂದು ಫ್ಯಾನು. ಇನ್ನೊಬ್ಬರಿಂದ ಕೆಲಸ ಮಾಡಿಸುವುದು ಹೇಗೆ ಎಂದು ಯಾರೂ ಹೇಳಿಕೊಡಲಿಲ್ಲ. ಕೇಳುವುದಕ್ಕೆ ನನಗೂ ನಾಚಿಕೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಪೇಪರ್‌ವೇಟ್ ತಿರುಗಿಸುತ್ತ ಕೂತಿರುತ್ತಿದ್ದೆ.

ಆಗ ನೀನು ಕೆಲಸಕ್ಕೆ ಸೇರಿದೆ. ತಾಯಿ ಬಳ್ಳಾರಿಯವರು, ತಂದೆ ವಿಜಯವಾಡದವರು — ನಿನ್ನ ಕನ್ನಡದಲ್ಲಿ ಅರ್ಧ ತೆಲುಗು. ಕಲಿಯಬೇಕೆಂಬ ಆಸೆ ಮುಖದಲ್ಲೇ ಕಾಣುತ್ತಿತ್ತು. ನಿನ್ನ ಕೈಗೆ ಹತ್ತದೆ ಹೋದದ್ದು ಒಂದೇ. ಲಿಫ್ಟಿನ ನೆಲ ಮಹಡಿಯ ನೆಲಕ್ಕೆ ಸಮನಾಗಿ ನಿಲ್ಲಬೇಕಲ್ಲ, ಅದಕ್ಕೆ ಬ್ರೇಕಿನ ಸ್ಪ್ರಿಂಗು ಬೇಕಾದಷ್ಟೇ ಬಿಗಿಯಾಗಿರಬೇಕು. ನೀನು ತುಸು ಸಡಿಲ ಬಿಡುತ್ತಿದ್ದೆ. ಪಕ್ಕದಲ್ಲಿ ನಿಲ್ಲಿಸಿಕೊಂಡು ತಪ್ಪು ತೋರಿಸಿದ್ದರೆ ನೀನು ಬೇಗನೆ ಕಲಿಯುತ್ತಿದ್ದೆ. ಹೇಳಿದರೆ ನೊಂದುಕೊಳ್ಳುತ್ತೀಯ ಎಂದು ಸುಮ್ಮನಿದ್ದೆ — ಮೊದಮೊದಲು ಕಾರಣ ಅದೇ ಎಂದು ನಂಬಿದ್ದೆ.

ಭಾನುವಾರ ಬೆಳಿಗ್ಗೆ ತರಕಾರಿ ತರುತ್ತೇನೆಂದು ಮನೆಯಿಂದ ಹೊರಡುತ್ತಿದ್ದೆ. ಗಾಜುವಾಕದ ಕಡೆಗೋ ಮತ್ತೆಲ್ಲಿಗೋ ಬಸ್ಸು ಹತ್ತಿ, ಆ ವಾರ ನೀನು ಮುಗಿಸಿದ ಕಟ್ಟಡಕ್ಕೆ ಹೋಗಿ, ಮೇಲಿನ ಮೆಷಿನ್ ರೂಮಿನಲ್ಲಿ ಸ್ಪ್ರಿಂಗು ಬಿಗಿದು ಬರುತ್ತಿದ್ದೆ. ಸೀಮೆಎಣ್ಣೆಯಲ್ಲಿ ಕೈ ತೊಳೆದರೂ ಉಗುರು ಕಪ್ಪಗೇ ಉಳಿಯುತ್ತಿತ್ತು. ಮ್ಯಾನೇಜರ ಆದ ಮ್ಯಾಲೂ ಇದೇನ್ರಿ ಅವತಾರ ಎಂದು ಹೆಂಡತಿ ರೇಗಿಸುತ್ತಿದ್ದಳು.

ಇನ್ನೊಂದಿದೆ, ಅದನ್ನು ಹೇಳುವುದೇ ಕಷ್ಟ. ನಿನ್ನ ಕೆಲಸದಲ್ಲಿ ತಪ್ಪು ಸಿಕ್ಕಿದ ದಿನ ನನಗೆ ಖುಷಿಯಾಗುತ್ತಿತ್ತು. ಸಿಗದ ದಿನ — ಅಂಥವೂ ಇದ್ದವು — ಪೆಚ್ಚಾಗಿ ನಿಂತಿರುತ್ತಿದ್ದೆ. ವಾರವೆಲ್ಲ ಮೇಜಿನ ಹಿಂದೆ ಏನೂ ಬಾರದವನಂತೆ ಕೂತವನು, ಅಲ್ಲಿ ಮಾತ್ರ ಮತ್ತೆ ಮೆಕ್ಯಾನಿಕ್ ಆಗುತ್ತಿದ್ದೆ. ನೀನು ಕಲಿತುಬಿಟ್ಟರೆ ನನಗೆ ಅದೂ ಇರುತ್ತಿರಲಿಲ್ಲ.

ತೊಂಬತ್ತರ ಸುಮಾರಿಗೆ ಕಂಪನಿ ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರ ಹೊಸ ಆಫೀಸು ತೆರೆಯಿತು. ಅಲ್ಲಿ ಒಬ್ಬನೇ ಎಲ್ಲ ಲಿಫ್ಟುಗಳನ್ನೂ ನೋಡಿಕೊಳ್ಳಬೇಕು. ನಿನ್ನ ಹೆಸರು ಬಂತು. ನಿನ್ನದೇ ಊರು, ಸಂಬಳವೂ ಹೆಚ್ಚು. ಆದರೂ ಅಳುಕುತ್ತ ನನ್ನ ಮುಂದೆ ಬಂದು ನಿಂತೆ.

"ನಾನೊಬ್ಬನೇ ಮಾಡೋಕಾಗ್ತದಾ ಸಾರ್? ನಿಜಂ ಹೇಳಂಡಿ."

ಹೇಳಬಹುದಿತ್ತು. ಹೇಳಿದ್ದರೆ ಭಾನುವಾರಗಳನ್ನೂ ಹೇಳಬೇಕಾಗುತ್ತಿತ್ತು.

"ಯಾಕ ಆಗೂದಿಲ್ಲಪಾ? ನಿನ್ನ ಒಂದ ಕೆಲಸರ ವಾಪಸ್ ಬಂದೈತೇನು?"

ವಾಪಸು ಬಂದಿರಲಿಲ್ಲ, ನಿಜ. ಬರುವ ಮೊದಲೇ ನಾನು ಹೋಗಿರುತ್ತಿದ್ದೆ.

ನೀನು ಹೋದ ಮೇಲೆ ಅಲ್ಲಿಂದ ಒಂದರ ಹಿಂದೊಂದು ದೂರು. ಕೊನೆಗೆ ಒಂದು ನರ್ಸಿಂಗ್ ಹೋಮಿನ ಲಿಫ್ಟು ನೆಲಕ್ಕಿಂತ ತಗ್ಗಿನಲ್ಲಿ ನಿಂತು, ಬಾಣಂತಿ ಮಗಳಿಗೆ ಊಟ ತಂದಿದ್ದ ತಾಯಿಯೊಬ್ಬರು ಎಡವಿ ಬಿದ್ದು ಸೊಂಟ ಮುರಿದುಕೊಂಡರು. ಆಕೆ ಮತ್ತೆ ನಡೆದರೋ ಇಲ್ಲವೋ, ನಾನು ವಿಚಾರಿಸಲೂ ಇಲ್ಲ. ವಿಚಾರಣೆಗೆ ನನ್ನನ್ನು ವಿಜಯವಾಡಕ್ಕೆ ಕರೆಸಿದ ದೊಡ್ಡ ಅಧಿಕಾರಿಗಳು, ವಿಶಾಖಪಟ್ಟಣದಲ್ಲಿ ಅಷ್ಟು ಚೆನ್ನಾಗಿದ್ದವನು ಇಲ್ಲೇಕೆ ಹೀಗಾದ, ಕುಡಿತದ ಚಟವೇನಾದರೂ ಹತ್ತಿತೇ ಎಂದು ಕೇಳಿದರು. ಗೊತ್ತಿಲ್ಲ ಸಾರ್ ಎಂದೆ. ನಿರ್ಲಕ್ಷ್ಯವೆಂದು ನಿನ್ನನ್ನು ಕೆಲಸದಿಂದ ತೆಗೆದರು. ಮೆಟ್ಟಿಲ ಹತ್ತಿರ ನೀನು ನನ್ನನ್ನು ತಡೆದು ನಿಲ್ಲಿಸಿದೆ. ಬೈಯಲಿಲ್ಲ, ಅಳಲಿಲ್ಲ.

"ಅಲ್ಲಿ ಬಾಗಾ, ಚೆನ್ನಾಗೇ ಮಾಡ್ತಿದ್ದೆ ಕದಾ ಸಾರ್. ನನ್ನ ಕೈಗೆ ಏನಾಯ್ತು?"

ಸ್ವಲ್ಪ ದಿನ ರೆಸ್ಟ್ ತಗೋ ಎಂದೆ. ಬಸ್ ಸ್ಟ್ಯಾಂಡಿಗೆ ಹೋಗಿ ಇಡ್ಲಿ ತಿಂದೆ. ನನಗೆ ಆಮೇಲೆ ಮತ್ತೊಂದು ಬಡ್ತಿಯೂ ಆಯಿತು.

ಹೋದ ತಿಂಗಳು, ಯಾರದೋ ಮದುವೆಗೆಂದು ಇಲ್ಲಿಗೆ ಬಂದಿದ್ದ ನಿನ್ನ ಹೆಂಡತಿ ಸಿಕ್ಕಿದ್ದರು. ನೀನೀಗ ಮಾವನ ಬಟ್ಟೆ ಅಂಗಡಿಯಲ್ಲಿ ಕೂರುತ್ತೀಯಂತೆ. ಮನೆಯಲ್ಲಿ ಫ್ಯೂಸು ಹೋದರೂ ಮುಟ್ಟದೆ ಪಕ್ಕದ ಮನೆಯವರನ್ನು ಕರೆಯುತ್ತೀಯಂತೆ. ‘ನನ್ನ ಕೈ ಹೋಯಿತು’ ಅಂತಾರೆ ಎಂದು ನಗುತ್ತಲೇ ಹೇಳಿದರು. ನಾನೂ ನಕ್ಕೆ — ಹೌದು, ನಕ್ಕೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದರೆ ನೀನೊಬ್ಬನೇ ಓದಿ ಮಡಿಚಿಡುತ್ತೀಯ. ನಾಳೆ ನಾನೇ ರೈಲು ಹತ್ತಿ ಬರುತ್ತೇನೆ. ಅಂಗಡಿಯಲ್ಲಿ ನಿನ್ನ ಮಾವ ಇರಲಿ, ಹೆಂಡತಿ ಇರಲಿ, ಗಿರಾಕಿಗಳೂ ಇರಲಿ. ಅವರೆಲ್ಲರ ಎದುರಿಗೆ ಹೇಳುತ್ತೇನೆ: ಪ್ರಸಾದನ ಕೈಗೆ ಏನೂ ಆಗಿರಲಿಲ್ಲ. ಅದು ಕಲಿಯುವುದಕ್ಕೆ ನಾನು ಬಿಡಲಿಲ್ಲ.