ಕೊಸರಿಗೆ ಬಂದ ಹೆಸರು

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದನ್ನು ಹೊತ್ತ ಹೆಂಗಸು ಇನ್ನೂ ನಮ್ಮ ಅಂಗಡಿಯಿಂದ ನಾಲ್ಕು ಬೀದಿ ಆಚೆ ಇದ್ದಾರೆ. ಅವರು ಅನುಭವಿಸಿದ್ದೇ ಸಾಕು. ಬಾಯಿಗೆ ಹಗುರವಾದ, ಪುಟ್ಟ ಇಂಗ್ಲಿಷ್ ಹೆಸರು ಎಂದಷ್ಟೇ ಹೇಳುತ್ತೇನೆ. ಕೆಲವರಿಗೆ ಅದು ಮನೆತನದ ಹೆಸರು, ಕೆಲವರಿಗೆ ಹುಟ್ಟಿದಾಗ ಇಟ್ಟ ಹೆಸರು. ನನಗೆ ಅದು ಅಂಗಡಿಯ ಹೆಸರು.

ಅಂಗಡಿ ಎಂದರೆ ಡ್ರೈ ಕ್ಲೀನಿಂಗ್ ಅಂಗಡಿ. ಪ್ರಿನ್ಸ್‌ಟನ್ನಿಗೆ ಹತ್ತಿರದ ಒಂದು ಊರಲ್ಲಿ, ರೈಲು ನಿಲ್ದಾಣದ ಎದುರು. ಮೈಸೂರಿನಿಂದ ಬಂದ ಹೊಸದರಲ್ಲಿ ನಾನು ಅಲ್ಲಿ ಶರ್ಟುಗಳಿಗೆ ಇಸ್ತ್ರಿ ಮಾಡುತ್ತಿದ್ದೆ. ಆಗಿನ ಯಜಮಾನ ಒಬ್ಬ ಮುದುಕ, ಬಿಳಿಯ. ಅಂಗಡಿಯನ್ನು ಕಟ್ಟಿದವನು ಅವನ ತಾತ. ಮುಂಗೋಡೆಯ ಇಟ್ಟಿಗೆಯ ಮೇಲೆ, ಒಂದೊಂದೂ ನನ್ನ ತೋಳುದ್ದದ ಮರದ ಅಕ್ಷರಗಳಲ್ಲಿ ಆ ಮನೆತನದ ಹೆಸರು ಕೂತಿತ್ತು. ಮುದುಕನಿಗೆ ಮಂಡಿ ನೋವು ಬಂದು ಅಂಗಡಿ ಮಾರಲು ಹೊರಟಾಗ ನಾನೇ ಕೊಂಡುಕೊಂಡೆ.

ಅಂಗಡಿ ಕೊಳ್ಳುವ ಯೋಚನೆಯಿದ್ದವರಿಗೆ ಒಂದು ಮಾತು. ಮಾರುವವನು ಕೂತಿರುವಾಗ ನೀವು ನಿಂತು ಮಾತಾಡಬೇಡಿ, ನೀವೂ ಕೂತುಬಿಡಿ. ಎದ್ದು ಹೋಗುವ ಆತುರ ಯಾರಿಗಿದೆಯೋ ಅವನೇ ಬಿಟ್ಟುಕೊಡುವುದು. ನಾವಿಬ್ಬರೂ ಕೂತೇ ಇದ್ದೆವು, ಎರಡು ಸಲ ಕಾಫಿ ಆರಿತು. ಕೊನೆಗೆ ಒಪ್ಪಂದವಾಗಿ ಕೈ ಕುಲುಕಿದ ಮೇಲೆ ನಾನು ಕೈ ಬಿಡಲಿಲ್ಲ. "ಕೊಸರು?" ಎಂದೆ.

ಅವನಿಗೆ ಅರ್ಥವಾಗಲಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ನನ್ನ ಅಮ್ಮಿ ತರಕಾರಿ ಕೊಳ್ಳುತ್ತಿದ್ದ ರೀತಿಯನ್ನು ವಿವರಿಸಿದೆ. ಚೌಕಾಸಿ ಮುಗಿದು, ತೂಕವಾಗಿ, ಚೀಲಕ್ಕೆ ಬಿದ್ದ ಮೇಲೂ ಅಮ್ಮಿ ಚೀಲದ ಬಾಯಿ ಮುಚ್ಚುತ್ತಿರಲಿಲ್ಲ. ಮಾರುವವಳು ಗೊಣಗುತ್ತಲೇ ಒಂದು ಹಿಡಿ ಕೊತ್ತಂಬರಿ, ಎರಡು ಹಸಿಮೆಣಸಿನಕಾಯಿ ಹಾಕುತ್ತಿದ್ದಳು. ಅದು ಬೆಲೆಗೆ ಸೇರಿದ್ದಲ್ಲ, ದಾನವೂ ಅಲ್ಲ. ಅದು ಬೀಳದೆ ವ್ಯಾಪಾರ ಮುಗಿಯಿತು ಎನ್ನುವಂತಿಲ್ಲ.

"ಸರಿ, ನಿನಗೇನು ಬೇಕು?"

"ಗೋಡೆ ಮೇಲಿರೋ ಹೆಸರನ್ನ ಹಾಗೇ ಬಿಟ್ಟುಬಿಡಿ."

ಮುದುಕ ಮಂಡಿ ತಟ್ಟಿಕೊಂಡು ನಕ್ಕ. "ನಮ್ಮ ತಾತನ ಹೆಸರು ನಿನಗೆ ಕೊತ್ತಂಬರಿ ಸೊಪ್ಪಾಯ್ತಾ!"

ಹೀಗೆ ಆ ಹೆಸರು ನನಗೆ ಬಂತು. ಯಾವ ಕಾಗದದಲ್ಲೂ ಅದರ ಮಾತಿಲ್ಲ. ಫೋನ್ ಎತ್ತಿದರೆ ಗಿರಾಕಿಗಳು ನನ್ನನ್ನು ಆ ಹೆಸರಿಂದಲೇ ಕರೆಯುತ್ತಿದ್ದರು, ನಾನು ಓಗೊಡುತ್ತಿದ್ದೆ. ಆ ಹೆಸರಿನ ದೊಡ್ಡ ಮನುಷ್ಯರು ಯಾರು ಯಾರು ಎಂಬ ಪಟ್ಟಿ ಇಂಟರ್‌ನೆಟ್‌ನಲ್ಲಿದೆ. ಮಗಳು ಹೈಸ್ಕೂಲಿನಲ್ಲಿದ್ದಾಗ ಅದನ್ನು ತೆಗೆದು ಓದಿ ಹೇಳಿದ್ದಳು: ಒಬ್ಬ ನೌಕಾಪಡೆಯವನು, ಒಬ್ಬ ಚರ್ಚಿನ ಹಾಡು ಕಟ್ಟಿದವನು, ಒಬ್ಬ ಬೇಸ್‌ಬಾಲ್ ಆಟಗಾರ, ಗಿಡಮೂಲಿಕೆಗಳ ಚಿತ್ರ ಬರೆದ ಒಬ್ಬ ಹೆಂಗಸು. ನಾನು ಎಲ್ಲರನ್ನೂ ಬಾಯಿಪಾಠ ಮಾಡಿಕೊಂಡೆ. ಗಿರಾಕಿಗಳು "ಆ ನೌಕಾಪಡೆಯವನು ನಿಮ್ಮ ಕಡೆಯವನಾ?" ಎಂದು ತಮಾಷೆ ಮಾಡಿದರೆ, "ಸೋದರ ಸಂಬಂಧ, ಆದ್ರೆ ಕೋಟು ಮಾತ್ರ ಒಗೆಯೋಕೆ ಬೇರೆ ಕಡೆ ಕೊಡ್ತಾನೆ" ಎನ್ನುತ್ತಿದ್ದೆ. ಗಿರಾಕಿ ನಕ್ಕರೆ ಅರ್ಧ ಕಲೆ ಹೋದಂತೆ.

ಮುದುಕ ತೀರಿಕೊಂಡ. ಅವನ ಒಬ್ಬಳೇ ಮಗಳು, ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು, ಮದುವೆಯಾಗಲಿಲ್ಲ. ಅದೇ ಹೆಸರು ಅವರದು. ಚಳಿ ಶುರುವಾಗುವ ಮುಂಚೆ ಉಣ್ಣೆ ಕೋಟುಗಳನ್ನು ತಂದು ಕೌಂಟರಿನ ಮೇಲೆ ರಾಶಿ ಹಾಕಿ, "ಹೇಗಿದ್ದೀಯಾ ಕಸಿನ್?" ಎನ್ನುತ್ತಿದ್ದರು. ಇಬ್ಬರಿಗೂ ಒಂದೇ ಹೆಸರಲ್ಲವೇ, ಅದಕ್ಕೆ ನಾನು ಕಸಿನ್. ನಮ್ಮ ಮಾತುಕತೆ ಇಂಗ್ಲಿಷಿನಲ್ಲೇ. ನೆನಪಿಗೆ ಬರುವುದು ಮಾತ್ರ ಕನ್ನಡದಲ್ಲಿ.

ನನ್ನ ಸ್ವಂತ ಮುಸ್ಲಿಂ ಹೆಸರು ಈ ದೇಶದಲ್ಲಿ ಕೆಟ್ಟುಹೋದ ವರ್ಷಗಳಿದ್ದವು. ನಾನು ಕಂಡು ಕೇಳರಿಯದ ಜನ ಮಾಡಿದ ಕೆಲಸಕ್ಕೆ ನನ್ನ ಹೆಸರು ಉತ್ತರ ಹೇಳಬೇಕಿತ್ತು. ಏರ್‌ಪೋರ್ಟಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆಯುವಾಗ ಅಧಿಕಾರಿ ನನ್ನ ಹೆಸರನ್ನು ಸಣ್ಣ ದನಿಯಲ್ಲಿ, ಕಾಯಿಲೆಯ ಹೆಸರು ಹೇಳಿದ ಹಾಗೆ ಹೇಳುತ್ತಿದ್ದ. ಆ ಕಾಲದಲ್ಲಿ ಅಂಗಡಿಯ ಮುಂದಿನ ಅಕ್ಷರಗಳೇ ನನಗೆ ಸೂರಿನಂತಿದ್ದವು. ಆಗಲೇ ನಾನೊಂದು ಪದ್ಧತಿ ಮಾಡಿಕೊಂಡೆ: ನನ್ನ ಅಂಗಡಿಯಲ್ಲಿ ಬಟ್ಟೆ ಕೊಡುವಾಗ ಯಾರದೇ ಹೆಸರಾದರೂ ಗಟ್ಟಿಯಾಗಿ, ಪೂರ್ತಿಯಾಗಿ ಕೂಗುವುದು. ಚೀನಾದವರಿರಲಿ, ಪೋಲೆಂಡಿನವರಿರಲಿ, ಇಥಿಯೋಪಿಯಾದವರಿರಲಿ, ಹೆಸರನ್ನು ಕೇಳಿ ಕಲಿತು, ಸಾಲಿನ ಕೊನೆಯವರಿಗೂ ಕೇಳುವಂತೆ ಕರೆಯುವುದು. ಜನಕ್ಕೆ ಅದು ಇಷ್ಟವಾಗುತ್ತಿತ್ತು.

ಕಳೆದ ಚಳಿಗಾಲಕ್ಕೆ ಸ್ವಲ್ಪ ಮುಂಚೆ, ಎಲ್ಲೋ ದೂರದ ರಾಜ್ಯದಲ್ಲಿ ಒಬ್ಬ ಸೂಪರ್‌ಮಾರ್ಕೆಟ್ಟಿಗೆ ನುಗ್ಗಿ ಗುಂಡು ಹಾರಿಸಿದ. ಸತ್ತವರು ಹಾಲು ಬ್ರೆಡ್ಡು ತರಲು ಹೋದ ಜನ. ಟೀವಿಯಲ್ಲಿ ಅವನ ಹೆಸರು ಬಂದಾಗ ನಾನು ಶರ್ಟಿನ ಕಾಲರಿಗೆ ಇಸ್ತ್ರಿ ಇಟ್ಟಿದ್ದೆ. ಕಾಲರು ಸುಟ್ಟಿತು. ಅವನ ಮನೆತನದ ಹೆಸರು ನಮ್ಮ ಗೋಡೆಯ ಹೆಸರು.

ಮುದುಕನ ವಂಶಕ್ಕೂ ಅವನಿಗೂ ಯಾವ ನಂಟೂ ಇಲ್ಲ. ಹಾಗೆಂದು ಎಲ್ಲರಿಗೂ ಯಾರು ಹೇಳಬೇಕು? ಅಂಗಡಿಗೆ ಫೋನುಗಳು ಬಂದವು. ಕೆಲವರು ಬೈದರು, ಕೆಲವರು ಸುಮ್ಮನೆ ಉಸಿರಾಡಿ ಇಟ್ಟರು. ಒಂದು ಬೆಳಿಗ್ಗೆ ಮೊದಲ ಅಕ್ಷರದ ಮೇಲೆ ಮೊಟ್ಟೆ ಒಡೆದು ಒಣಗಿತ್ತು. ಮಗಳು ಫೋನು ತಂದು ತೋರಿಸಿದಳು. ಆ ಹಳೆಯ ಪಟ್ಟಿಯಲ್ಲಿ, ಹಾಡು ಕಟ್ಟಿದವನ, ಚಿತ್ರ ಬರೆದವಳ ಕೆಳಗೆ, ಈಗ ಅವನೂ ಸೇರಿದ್ದ.

"ಅಬ್ಬಾ, ಟೇಕ್ ಇಟ್ ಡೌನ್," ಎಂದಳು ಮಗಳು. "ಇಟ್ಸ್ ನಾಟ್ ಈವನ್ ಅವರ್ ನೇಮ್. ನೀನೇ ಹೇಳ್ತಿದ್ದೆ, ಕೊತ್ತಂಬರಿ ಅಂತ."

ಲೆಕ್ಕದ ಪ್ರಕಾರ ಅವಳ ಮಾತು ಸರಿ. ಬೇರೆ ಯಾರಾದರೂ ಸಲಹೆ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನನ್ನ ಹೆಂಡತಿ ಗುಂಡಿ ಹೊಲಿಯುತ್ತಾ ತಲೆ ಎತ್ತದೆ ಹೇಳಿದಳು: "ನಮ್ಮ ಹೆಸರು ಕೆಟ್ಟಾಗ ಇದರ ಕೆಳಗೆ ಬಂದು ನಿಂತ್ಕೊಂಡ್ರಿ. ಈಗ ಇದು ಕೆಟ್ಟಿದೆ. ಇನ್ನು ಯಾವುದರ ಕೆಳಗೆ ಹೋಗ್ತೀರಾ?"

ನಾನು ಮೊಟ್ಟೆ ತೊಳೆದೆ. ಅಕ್ಷರಗಳನ್ನು ಬಿಟ್ಟೆ.

ಒಂದು ಸಂಜೆ, ನ್ಯೂಯಾರ್ಕಿನಿಂದ ರೈಲು ಬಂದು ಅಂಗಡಿ ತುಂಬಿದ್ದಾಗ, ಮುದುಕನ ಮಗಳು ಬಂದು ಸಾಲಿನ ಕೊನೆಯಲ್ಲಿ ನಿಂತರು. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದರು. ಕಸಿನ್ ಎನ್ನಲಿಲ್ಲ. ಅವರ ಸರದಿ ಬಂದಾಗ ಹೆಂಡತಿ ಮೆಲ್ಲಗೆ, "ಹೆಸರು ಬೇಡ, ಸುಮ್ನೆ ಕೊಟ್ಬಿಡಿ" ಎಂದಳು. ನನಗೆ ಏರ್‌ಪೋರ್ಟಿನ ಆ ಸಣ್ಣ ದನಿ ನೆನಪಾಯಿತು. ಪಿಸುಗುಟ್ಟಿದರೆ ತಪ್ಪಿದೆ ಎಂದು ಒಪ್ಪಿಕೊಂಡಂತೆ ಅಲ್ಲವೇ? ನಾನು ಎಂದಿಗಿಂತ ಗಟ್ಟಿಯಾಗಿ, ಇಟ್ಟ ಹೆಸರು ಮನೆತನದ ಹೆಸರು ಎರಡನ್ನೂ ಕೂಗಿ ಕೋಟು ಎತ್ತಿ ಹಿಡಿದೆ.

ಫೋನು ನೋಡುತ್ತಿದ್ದವರೆಲ್ಲ ತಲೆ ಎತ್ತಿದರು. ಅವರ ಹಿಂದೆ ನಿಂತಿದ್ದ ಒಬ್ಬಾಕೆ ಒಂದು ಹೆಜ್ಜೆ ಸರಿದು ನಿಂತಳು, ಅಷ್ಟೇ. ಆ ಹೆಂಗಸು ನನ್ನನ್ನು ನೋಡಿದರು. ನಾನು ಅವರ ಟೋಪಿಯನ್ನು ಎಲ್ಲರೆದುರು ಕಿತ್ತುಕೊಂಡೆನೋ ಎಂಬಂತಿತ್ತು ಆ ನೋಟ. ಕೋಟು ತೆಗೆದುಕೊಳ್ಳದೆ ಹೊರಟುಹೋದರು.

"ಏರ್‌ಪೋರ್ಟಲ್ಲಿ ನಿಮ್ಮ ಹೆಸರನ್ನ ಯಾರೋ ಹೀಗೆ ಮೈಕಿನಲ್ಲಿ ಕೂಗಿದ್ರೆ ಹೇಗಾಗ್ತಿತ್ತು ಆಗ?" ಎಂದಳು ಹೆಂಡತಿ. ನಾನು ಕೋಟನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿದೆ.

ಮಾರನೆಯ ದಿನ ಕೋಟನ್ನೂ, ಹೆಂಡತಿ ಕಟ್ಟಿಕೊಟ್ಟ ಕ್ಯಾರೆಟ್ ಹಲ್ವವನ್ನೂ ಹಿಡಿದು ಅವರ ಮನೆಗೆ ಹೋದೆ. ಬಾಗಿಲು ತೆರೆಯಲು ತಡ ಮಾಡಿದರು. ಮುಂದಿನ ಕಿಟಕಿಗಳ ಪರದೆ ಎಳೆದಿತ್ತು. ಅಂಚೆ ಡಬ್ಬಿಯ ಮೇಲಿದ್ದ ಹೆಸರನ್ನು ಟೇಪು ಅಂಟಿಸಿ ಮುಚ್ಚಿದ್ದರು. ನಾನು ಕೂರುವ ಮುಂಚೆಯೇ ಶುರು ಮಾಡಿದೆ, ನನ್ನ ಸ್ವಭಾವವೇ ಅದು.

"ಟೇಪು ತೆಗೀರಿ, ಟೇಪು ನೋಡಿದ್ರೆ ಅನುಮಾನ ಜಾಸ್ತಿ. ಮನೆ ಮುಂದೆ ಅಮೆರಿಕದ ಬಾವುಟ ಹಾಕಿ. ಚಿಕ್ಕದಲ್ಲ, ದೊಡ್ಡದು. ಅಕ್ಕಪಕ್ಕದವರು ಕೇಳೋಕೆ ಮುಂಚೆ ನೀವೇ ಹೋಗಿ, ಅವನು ನಮ್ಮವನಲ್ಲ ಅಂತ ಹೇಳಿಬಿಡಿ. ಬರಿಗೈಲಿ ಹೋಗಬೇಡಿ, ಸಿಹಿ ತಗೊಂಡು ಹೋಗಿ. ಪೊಲೀಸ್ ಸ್ಟೇಷನ್ನಿಗೂ ಒಂದು ಡಬ್ಬ ಕೊಡಿ. ಎಲ್ಲರಿಗಿಂತ ಮೊದಲು ನೀವೇ ನಗಬೇಕು. ಯಾರಾದರೂ ಬೈದ್ರೆ ವಾದ ಮಾಡಬೇಡಿ, 'ನನಗೂ ದುಃಖವಾಗಿದೆ' ಅನ್ನಿ."

ಅವರು ಹಲ್ವದ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು. ಆಮೇಲೆ ಹೇಳಿದರು: "ನೀನು ಇದನ್ನೆಲ್ಲ ಮಾಡಿದ್ಯಾ?"

"ಮಾಡಿದೀನಿ."

"ಎಷ್ಟು ಕಾಲ?"

"ಇನ್ನೂ ಮಾಡ್ತಾನೇ ಇದೀನಿ."

ನನ್ನ ಬಾಯಿಂದ ಬಂದ ಮೇಲೆಯೇ ಆ ಮಾತು ನನಗೂ ಕೇಳಿಸಿದ್ದು. ಅವರು ಮಡಿಲಿನ ಡಬ್ಬವನ್ನು ನೋಡಿದರು. ಪ್ರತಿ ಹಬ್ಬಕ್ಕೂ ಅವರ ಅಪ್ಪನ ಕಾಲದಿಂದ ನಮ್ಮ ಮನೆಯ ಸಿಹಿ ಅವರ ಮನೆಗೆ ಬರುತ್ತಿತ್ತು. ಅದನ್ನೇ ಯೋಚಿಸುತ್ತಿದ್ದರೇನೋ. ನಾನು ಹೇಳಬೇಕೆಂದಿದ್ದೆ, ನಿಮಗೆ ಕೊಟ್ಟದ್ದು ಹೆದರಿಕೆಯಿಂದಲ್ಲ ಎಂದು. ಹೇಳಲಿಲ್ಲ.

"ಗೋಡೆ ಮೇಲಿಂದ ಅದನ್ನ ತೆಗೆದುಬಿಡು," ಎಂದರು. "ರೈಲಿಗೆ ಹೋಗೋರು ಬರೋರು ದಿನಾ ಓದ್ತಾರೆ. ಓದಿದ ತಕ್ಷಣ ನಾನು ಈ ಊರಲ್ಲಿದೀನಿ ಅಂತ ನೆನಪಾಗುತ್ತೆ."

ನಾನು ವ್ಯಾಪಾರಿ. ಚೌಕಾಸಿಗೆ ಇಳಿದೆ. ಕ್ರಿಸ್‌ಮಸ್ ಕಳೆಯಲಿ ಎಂದೆ. ಬಟ್ಟೆ ಹೊದಿಸಿ ರಿಪೇರಿ ಎಂದು ಬರೆಸೋಣ ಎಂದೆ. ಜನ ಮರೆಯುತ್ತಾರೆ, ಮುಂದೆ ಇನ್ನೊಬ್ಬನ ಹೆಸರು ಬರುತ್ತೆ ಎಂದೆ. ತೆಗೆದರೆ ತಪ್ಪೊಪ್ಪಿಕೊಂಡಂತೆ ಎಂದೂ ಹೇಳಿದೆ.

"ಅಪ್ಪ ಅದನ್ನ ನಿನಗೆ ಮಾರಲಿಲ್ಲವಂತೆ. ಆ ಪದ ಏನು?"

"ಕೊಸರು."

"ಕೊಟ್ಟ ಕೊಸರನ್ನ ನಿಮ್ಮಲ್ಲಿ ವಾಪಸ್ ಕೇಳ್ತಾರಾ?"

"ಯಾರೂ ಕೇಳಿದ್ದು ನಾನು ನೋಡಿಲ್ಲ."

"ನಾನು ಕೇಳ್ತಿದೀನಿ. ನಿನಗೆ ಎರಡು ಹೆಸರಿದೆ, ಕಸಿನ್. ಒಂದು ಕೆಟ್ಟರೆ ಇನ್ನೊಂದರ ಹಿಂದೆ ಹೋಗಬಹುದು. ನನಗಿರೋದು ಇದೊಂದೇ."

ಬೆಲೆಯಿದ್ದರೆ ಬೆಲೆಯ ಮೇಲೆ ಮಾತಾಡಬಹುದು. ಬೆಲೆಯಿಲ್ಲದೆ ಬಂದದ್ದರ ಮೇಲೆ ಹೇಗೆ ಚೌಕಾಸಿ ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಆಗಲಿ ಎಂದೆ. ಆ ಟೇಪು ಅಂಟಿಸಿದ ಅಂಚೆ ಡಬ್ಬಿಯ ಪಕ್ಕದಿಂದಲೇ ಹೊರಗೆ ಬಂದೆ.

ಭಾನುವಾರ ಅಂಗಡಿ ಮುಚ್ಚಿದಾಗ ಏಣಿ ಹಾಕಿದೆ. ಮಗಳು ಏಣಿ ಹಿಡಿದಳು, ಹೆಂಡತಿ ಕೆಳಗಿಂದ ಒಂದೊಂದೇ ಅಕ್ಷರವನ್ನು ಇಸಿದುಕೊಂಡಳು. ತುಕ್ಕು ಹಿಡಿದ ಸ್ಕ್ರೂಗಳು ಅಳುತ್ತಾ ಬಂದವು. ಕೊನೆಯ ಅಕ್ಷರ ತೆಗೆದು ಕೆಳಗಿಳಿದು ತಲೆ ಎತ್ತಿ ನೋಡಿದೆ. ಸುತ್ತಲಿನ ಇಟ್ಟಿಗೆಗಳು ಎಷ್ಟೋ ಕಾಲದ ಹೊಗೆ ಧೂಳಿಗೆ ಕಪ್ಪಾಗಿದ್ದವು. ಅಕ್ಷರಗಳ ಹಿಂದಿನ ಇಟ್ಟಿಗೆ ಮಾತ್ರ ಮೊದಲ ದಿನದ ಹಾಗೆ ಕೆಂಪಗಿತ್ತು. ಮರದ ಹೆಸರಿಗಿಂತ ಈ ಹೆಸರೇ ಚೆನ್ನಾಗಿ ಕಾಣುತ್ತಿತ್ತು. ರೈಲಿನಿಂದಲೂ ಓದಬಹುದಿತ್ತು.

ಜೀವನವಿಡೀ ಕಲೆ ತೆಗೆದವನು ನಾನು. ಒಂದು ಜಾಗವನ್ನು ತೀರ ಚೊಕ್ಕ ಮಾಡಿದರೆ ಅದೂ ಒಂದು ಕಲೆ ಎಂದು ಎಷ್ಟು ಗಿರಾಕಿಗಳಿಗೆ ಹೇಳಿಲ್ಲ! ಆದರೂ ಗೋಡೆಗೆ ಅದು ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ.

ಅಷ್ಟರಲ್ಲಿ ಆ ಹೆಂಗಸು ಅಕ್ಷರಗಳನ್ನು ಒಯ್ಯಲು ಕಾರು ತಂದು ನಿಲ್ಲಿಸಿದರು. ನಾವು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಹಿಂದೆ ಇಟ್ಟೆವು. ಅವರು ಗೋಡೆಯನ್ನು ನೋಡಿದರು.

"ಅದು ಹೋಗುತ್ತಾ?"

ಉತ್ತರಕ್ಕೆ ಮುಖ ಮಾಡಿದ ಗೋಡೆ ಅದು, ಬಿಸಿಲೇ ಬೀಳುವುದಿಲ್ಲ. "ಒಂದು ಬೇಸಿಗೆ ಸಾಕು," ಎಂದೆ. ಹೆಂಡತಿ ನನ್ನ ಮುಖ ನೋಡಿದಳು. ಆ ಹೆಂಗಸು ತಲೆಯಾಡಿಸಿ, ಕಾರಿನ ಗಾಜು ಇಳಿಸಿ, "ಇನ್ಮೇಲೆ ನನ್ನ ಬಟ್ಟೆ ಮೇಲೆ ನಂಬರ್ ಹಾಕು. ನಂಬರ್ ಕೂಗು. ಅದು ಎಷ್ಟು ಗಟ್ಟಿಯಾದರೂ ಪರವಾಗಿಲ್ಲ," ಎಂದು ಹೊರಟರು. ಕಸಿನ್ ಎನ್ನಲಿಲ್ಲ.

ಹಿಮ ಕರಗಿದಾಗಿನಿಂದ ಭಾನುವಾರಗಳಂದು ಗೋಡೆ ತೊಳೆಯುತ್ತಿದ್ದೇನೆ. ಅಕ್ಷರಗಳನ್ನು ಅಳಿಸಲಾಗದು, ಸುತ್ತಲಿನ ಕಪ್ಪನ್ನೆಲ್ಲ ತೆಗೆದು ಅವುಗಳ ಬಣ್ಣಕ್ಕೆ ತರಬೇಕು. ಬಣ್ಣ ಬಳಿಸು ಎನ್ನುತ್ತಾಳೆ ಮಗಳು. ಇಟ್ಟಿಗೆಗೆ ಬಣ್ಣ ಹಚ್ಚಬೇಡಿ, ಅದು ತೇವ ಹಿಡಿದು ಸಿಪ್ಪೆ ಏಳುತ್ತದೆ, ಆಗ ಕೆಳಗಿನದು ಮತ್ತೆ ಕಾಣುತ್ತದೆ. ಬಿಸಿನೀರು, ಗಟ್ಟಿ ಬ್ರಷ್ಷು, ತಾಳ್ಮೆ. ಈಗ ಮೊದಲ ಎರಡು ಅಕ್ಷರಗಳು ಗೋಡೆಯಲ್ಲಿ ಸೇರಿಹೋಗಿವೆ. ಉಳಿದ ತುಂಡು ಯಾವ ಹೆಸರೂ ಅಲ್ಲ. ಆದರೂ ಗೊತ್ತಿದ್ದವರು ಓದುತ್ತಾರೆ.

ಮೊನ್ನೆ ರೈಲಿಗೆ ಹೊರಟಿದ್ದ ಹಳೆಯ ಗಿರಾಕಿಯೊಬ್ಬ ಏಣಿಯ ಕೆಳಗೆ ನಿಂತು, "ಹೊಸ ಬೋರ್ಡಾ? ಯಾವ ಹೆಸರು?" ಎಂದು ಕೇಳಿದ. ಇನ್ನೂ ಯೋಚನೆ ಮಾಡ್ತಿದೀನಿ ಎಂದೆ. ಅವನು ಹೋದ ಮೇಲೆ ಕೆಳಗೆ ಬಕೆಟ್ಟು ಹಿಡಿದಿದ್ದ ಹೆಂಡತಿಯನ್ನು ಕೇಳಿದೆ, "ನಂದೇ ಹಾಕಿಬಿಡ್ಲಾ?"

ಅವಳು ರಸ್ತೆಯ ಆಚೀಚೆ ಒಮ್ಮೆ ನೋಡಿದಳು.

"ಮೊದಲು ಗೋಡೆ ತೊಳೀರಿ," ಎಂದಳು.