ದ್ಯಾವಯ್ಯ ಅಳೆದ ಬಾವಿ

ಹಾಸನದ ಕಚೇರಿಯಲ್ಲಿ ಕೂತು ಅಂಕಿಅಂಶ ಕೂಡುವುದು ನನ್ನ ಕೆಲಸ. ಎಷ್ಟು ಕಿಲೋಮೀಟರ್ ರಸ್ತೆ, ಎಷ್ಟು ನಲ್ಲಿ, ಎಷ್ಟು ಹೊಸ ಸೈಟು, ಎಲ್ಲ ಕೂಡಿ ಮೇಲೆ ಕಳಿಸಿದರೆ ದೇಶ ಇಷ್ಟು ಮುಂದುವರಿಯಿತು ಅಂತ ಅಲ್ಲಿ ಯಾರೋ ಹೇಳುತ್ತಾರೆ. ಇಷ್ಟೆಲ್ಲ ಮಾಡಲು ನೆಲದಿಂದ ಏನೇನು ತೆಗೆದೆವು ಅನ್ನುವುದನ್ನು ಕಳೆಯುವ ಕೆಲಸ ಮಾತ್ರ ಯಾರಿಗೂ ಬೇಕಿರಲಿಲ್ಲ. ಕೊನೆಗೂ ಅದಕ್ಕೊಂದು ನಮೂನೆ ಬಂತು. ನೀರು, ಮರ, ಮಣ್ಣು ಐದು ವರ್ಷದ ಹಿಂದೆ ಹೇಗಿತ್ತು, ಈಗ ಹೇಗಿದೆ ಅಂತ ಪಂಚಾಯಿತಿವಾರು ತುಂಬಬೇಕು. ಇವೆಲ್ಲ ಹೆಚ್ಚಿದ್ದರೆ ಆ ಪಂಚಾಯಿತಿಗೆ ಬಹುಮಾನ ಬೇರೆ.

ಸುಳ್ಳೇಕೆ, ಎಷ್ಟೋ ಕಡೆ ಅದನ್ನು ಕಾಫಿ ಕುಡಿಯುತ್ತಾ ಅಂದಾಜಿನಲ್ಲೇ ತುಂಬಿದರು. ಹಳೇಕೋಟೆ ಪಕ್ಕದ ಒಂದು ಊರಿನಲ್ಲಿ ಮಾತ್ರ ನನಗೆ ನಿಜವಾದ ಪುಸ್ತಕ ಸಿಕ್ಕಿತು. ಅದನ್ನು ಬರೆದವರು ಅಲ್ಲಿನ ನೀರುಗಂಟಿ ದ್ಯಾವಯ್ಯ. ಊರಿನ ನಲ್ಲಿಗಳಿಗೆ ನೀರು ಬಿಡುವುದು ಅವರ ಕೆಲಸ. ಅಳೆಯಿರಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಪ್ರತಿ ಸೋಮವಾರ ಬೆಳಿಗ್ಗೆ, ಮೋಟರ್ ಹಾಕುವ ಮುಂಚೆ, ಅವರು ಊರ ಸೇದುವ ಬಾವಿಯ ಬಳಿ ಬರುತ್ತಿದ್ದರು. ಟೇಪಿನ ತುದಿಗೆ ಒಂದು ಕಬ್ಬಿಣದ ನಟ್ಟು ಕಟ್ಟಿ, ಕೊನೆಯ ನಾಲ್ಕು ಅಡಿಗೆ ಸ್ಕೂಲಿನ ಸೀಮೆಸುಣ್ಣ ತಿಕ್ಕಿ ಕಟ್ಟೆಯ ಮೇಲಿಂದ ಇಳಿಬಿಡುವುದು. ಸುಣ್ಣ ಎಲ್ಲಿಯವರೆಗೆ ನೆಂದಿದೆಯೋ ಅಲ್ಲಿ ನೀರು. ಅವರ ಅಪ್ಪ ಆ ಬಾವಿಯ ಕಟ್ಟೆ ಮುಟ್ಟುವ ಹಾಗಿರಲಿಲ್ಲ. ಮಗ ಇಪ್ಪತ್ತು ವರ್ಷದ ಮೇಲಿನಿಂದ ಅದೇ ಬಾವಿಯ ನೀರನ್ನು ಅಳೆದು ಬರೆದಿಟ್ಟಿದ್ದರು. ಆ ಪುಸ್ತಕ ನೋಡಿ ನನ್ನ ಡಿಗ್ರಿಗೆ ನಾಚಿಕೆಯಾಯಿತು.

ಪುಸ್ತಕದ ಪ್ರಕಾರ ಐದು ವರ್ಷದ ಹಿಂದೆ ನೀರು ಇಪ್ಪತ್ತನಾಲ್ಕು ಅಡಿ ಕೆಳಗಿತ್ತು, ಈಗ ಇಪ್ಪತ್ತೆರಡು. ಅಂದರೆ ಎರಡು ಅಡಿ ಮೇಲೆ ಬಂದಿದೆ. ಪಂಚಾಯಿತಿ ಅಧ್ಯಕ್ಷ ರುದ್ರೇಶ ಕುಣಿದಾಡಿಬಿಟ್ಟ. ಬಹುಮಾನವಂತೂ ಖಂಡಿತ. ಊರಾಚೆ ಏಳುತ್ತಿದ್ದ ಬಡಾವಣೆಗೆ ಆರು ಬೋರ್‌ವೆಲ್ ಕೊರೆಸಲು ಇದೇ ಅಂಕಿ ತೋರಿಸಬಹುದು. ದ್ಯಾವಯ್ಯನವರ ಕೆಲಸ ಕಾಯಂ ಮಾಡುವ ಶಿಫಾರಸು ಪತ್ರಕ್ಕೂ ಸಹಿ ಹಾಕುತ್ತೇನೆ ಅಂದ. ಆ ಸಹಿಗಾಗಿ ಅವರು ಎಷ್ಟೋ ವರ್ಷದಿಂದ ಕಾದಿದ್ದರು.

ಗ್ರಾಮಸಭೆಗೆ ಎರಡು ದಿನ ಇದೆ ಅನ್ನುವಾಗ ಅವರ ಫೋನು ಬಂತು.

"ಸಾ, ತೆಪ್ಪಾಗೋಗೈತೆ. ಒಸಿ ಬಂದೋಗಿ."

ಹೋದೆ. ಬಾವಿಯೊಳಗೆ ಹೊರಚಾಚಿದ ಒಂದು ಕಲ್ಲನ್ನು ತೋರಿಸಿದರು. "ಐದೊರ್ಸದಿಂದೆ ಈ ತಿಂಗ್ಳಲ್ಲಿ ಇದು ನೀರಲ್ಲೇ ಇರಾದು ಸಾ. ಈಗ ಒಣಗೈತೆ. ನೀರು ಮ್ಯಾಕೆ ಬಂದಿದ್ರೆ ಕಲ್ಲ್ಯಾಕೆ ಒಣಗ್ತದೆ?"

ನನಗೆ ಹೊಳೆಯಲಿಲ್ಲ. ಅವರು ನನ್ನನ್ನು ಸ್ಕೂಲಿನ ಹಿಂದಕ್ಕೆ ಕರೆದುಕೊಂಡು ಹೋದರು. ಹಳೇ ಕಟ್ಟೆಯ ಕಲ್ಲುಗಳು ಅಲ್ಲಿ ಬಿದ್ದಿದ್ದವು. ಮೂರು ವರ್ಷದ ಹಿಂದೆ ಬಾವಿಯನ್ನು ಚೆಂದ ಮಾಡುತ್ತೇವೆ ಅಂತ ಯಾವುದೋ ಅನುದಾನದಲ್ಲಿ ಹಳೇ ಕಟ್ಟೆ ಒಡೆದು, ಗಿಡ್ಡದಾದ ಸಿಮೆಂಟು ಕಟ್ಟೆ ಕಟ್ಟಿ ಜಾಲರಿ ಹಾಕಿಸಿದ್ದರು. ಬಿದ್ದ ಕಲ್ಲನ್ನು ಮೊದಲಿನ ಹಾಗೆ ಒಂದರ ಮೇಲೊಂದು ಜೋಡಿಸಿ ಅಳೆದರೆ ನಾಲ್ಕು ಅಡಿ. ಹೊಸ ಕಟ್ಟೆ ಒಂದೇ ಅಡಿ. ದ್ಯಾವಯ್ಯ ಆಗಲೂ ಈಗಲೂ ಟೇಪು ಬಿಟ್ಟದ್ದು ಕಟ್ಟೆಯ ಮೇಲಿಂದ. ಕಟ್ಟೆ ಬದಲಾದದ್ದು ಮಳೆಗಾಲದಲ್ಲಿ, ಅಂಕಿ ಇಳಿದದ್ದು ಮಳೆಯಿಂದ ಅಂದುಕೊಂಡಿದ್ದರು. ನೆಲದಿಂದ ಲೆಕ್ಕ ಹಾಕಿದರೆ ಆಗ ಇಪ್ಪತ್ತು, ಈಗ ಇಪ್ಪತ್ತೊಂದು. ನೀರು ಏರಿರಲಿಲ್ಲ, ಒಂದು ಅಡಿ ಇಳಿದಿತ್ತು. ಅಭಿವೃದ್ಧಿ ಮಾಡಿದ್ದಕ್ಕೇ ಲೆಕ್ಕ ಸುಳ್ಳಾಗಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಕಿ ನೋಡುವ ನಾನು ಕಟ್ಟೆ ಕಡೆ ತಿರುಗಿಯೂ ನೋಡಿರಲಿಲ್ಲ.

"ಸುಮ್ಮನಿದ್ದರೆ ಯಾರಿಗೂ ಗೊತ್ತಾಗಲ್ಲ ದ್ಯಾವಯ್ಯ," ಅಂದೆ. ಆ ಮಾತು ಆಡಿದ್ದಕ್ಕೆ ಈಗಲೂ ನನ್ನ ಮೇಲೆ ನನಗೆ ಕೋಪವಿದೆ.

ಅವರು ಸುಮ್ಮನಿರಲಿಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದರು. ರುದ್ರೇಶನ ಮುಖ ಕೆಂಪಾಯಿತು.

"ನಿನ್ ಕಾಗದ ನನ್ ಟೇಬಲ್ ಮೇಲೈತೆ, ಗ್ಯಾನ ಇರ್ಲಿ ದ್ಯಾವಯ್ಯ."

"ಐತೆ ಅಧ್ಯಕ್ಷ್ರೇ. ಆದ್ರೆ ಆರು ಬೋರು ಒಡುಸ್ಬುಟ್ಟು, ಬ್ಯಾಸ್ಗೇಲಿ ನಲ್ಲೀಲಿ ಗಾಳಿ ಬಂದ್ರೆ ಮನೆ ಮನೆಗೂ ಓಗಿ ಏನಂತ ಯೋಳ್ಲಿ? ಸಾ, ನೀವು ಬರ್ಕಳಿ. ಅಳ್ದಿದ್ದು ತೆಪ್ಪು, ತೆಪ್ಪು ದ್ಯಾವಯ್ಯಂದು ಅಂತ್ಲೇ ಬರ್ಕಳಿ."

ಹಿಂದಿನ ಸಾಲಿನಲ್ಲಿ ಕೂತಿದ್ದ ಮಲ್ಲಿಗಮ್ಮ ಅನ್ನುವ ಹೆಂಗಸು, "ಯೋಳಾದ್ ಸರಿಯಾಗೇ ಯೋಳ್ತಾವ್ನೆ, ಬರ್ಕಳಪ್ಪ," ಅಂತ ನನಗೇ ಗದರಿದಳು. ಬರೆದೆ. ನೋಡದೆ ಒಪ್ಪಿದವನು ನಾನು ಅಂತ ನನ್ನ ಹೆಸರನ್ನೂ ಕೆಳಗೆ ಸೇರಿಸಿದೆ.

ಬಹುಮಾನ ಬೇರೆ ಊರಿಗೆ ಹೋಯಿತು. ಬೋರ್‌ವೆಲ್ ಅರ್ಜಿ ವಾಪಸ್ ಬಂತು. ನಾಲ್ಕು ತಿಂಗಳಾದರೂ ಪತ್ರಕ್ಕೆ ಸಹಿ ಬೀಳಲಿಲ್ಲ. ತಡೆಯಲಾರದೆ ಒಂದು ಭಾನುವಾರ ರುದ್ರೇಶನ ಮನೆಗೇ ಹೋಗಿ ಜೋರು ಮಾಡಿದೆ. ಅವನು ಎದ್ದು ಮೇಜಿನ ಡ್ರಾಯರ್ ಎಳೆದ.

"ಅವ್ನ್ ಕಂಡ್ರೆ ನಂಗ್ ಮೈಯೆಲ್ಲ ಉರಿತದೆ ಸಾ. ಆದ್ರೆ ನೀರಿನ್ ಲೆಕ್ಕ ಬ್ಯಾರೆ ಯಾರ್ ಯೋಳುದ್ರೂ ನಂಬಾಕಾಗಕಿಲ್ಲ," ಅಂದು ಪತ್ರ ತೆಗೆದು ಸಹಿ ಹಾಕಿದ.

ಗೆದ್ದೆ ಅಂದುಕೊಂಡು ನೇರ ದ್ಯಾವಯ್ಯನವರ ಮನೆಗೆ ನಡೆದೆ. ಅವರ ಹೆಂಡತಿ ದೊಡ್ಡಮ್ಮ ಕೈಯೊರಸಿಕೊಂಡು ಬಾಗಿಲಿಗೆ ಬಂದರು. ದ್ಯಾವಯ್ಯ ಪತ್ರ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ ಮುಗಿಸಿ ನನಗೇ ವಾಪಸ್ ಕೊಟ್ಟರು.

"ಇಪ್ಪತ್ತೆರಡೊರ್ಸ ಸೇವೆ ಅಂತ ಬರ್ದವ್ರೆ. ಅಂಗಲ್ಲ ಸಾ, ಇಪ್ಪತ್ತೊಂದೊರ್ಸ ಏಳ್ ತಿಂಗ್ಳು. ನಮ್ಮವ್ವಂಗೆ ಉಷಾರಿಲ್ದಾಗ ಐದ್ ತಿಂಗ್ಳು ನಾನು ಬಂದಿಲ್ಲ."

"ಅಯ್ಯೋ, ಇರ್ಲಿ ಬುಡಿ ಅತ್ಲಾಗೆ," ಅಂದರು ದೊಡ್ಡಮ್ಮ.

ದ್ಯಾವಯ್ಯ ತಲೆಯಾಡಿಸಿದರು. ನನಗೆ ಕೆಟ್ಟ ಸಿಟ್ಟು ಬಂತು, ಕಣ್ಣೂ ತುಂಬಿ ಬಂತು. ಪತ್ರ ಮಡಚಿ ಜೇಬಿಗಿಟ್ಟುಕೊಂಡು, ತಿದ್ದಿಸಲು ಮತ್ತೆ ರುದ್ರೇಶನ ಮನೆ ಕಡೆ ಹೊರಟೆ.